ಒಡ್ಡು ಕಾಯುವ ಅಜ್ಜ
ಹೊಳೆಯ ಒಡ್ಡು ಕಾಯುತ್ತಿದ್ದವರನ್ನು ನಾವೆಲ್ಲ ಒಡ್ಡಿನಜ್ಜ ಎಂದೇ ಕರೆಯುತ್ತಿದ್ದೆವು. ದಿನಾ ಬೆಳಿಗ್ಗೆ ಎರಡು ಮೈಲಿ ಉದ್ದದ ಆ ಮಣ್ಣಿನ ಏರಿಯ ಮೇಲೆ ನಡೆದು, ಕೋಲಿನಿಂದ ಕುಟ್ಟಿ ನೋಡಿ, ಇಲಿ ಬಿಲ ಸಿಕ್ಕಿದರೆ ಜೇಡಿಮಣ್ಣು ಮೆತ್ತಿ ಬರುತ್ತಿದ್ದರು. ತಮ್ಮ ಮಕ್ಕಳ ವಯಸ್ಸು ಕೇಳಿದರೆ ತಡವರಿಸುವರು. ಯಾವ ಬಿಲವನ್ನು ಯಾವ ವರ್ಷ ಮುಚ್ಚಿದ್ದೆಂದು ಕೇಳಿದರೆ ತಟ್ಟನೆ ಹೇಳುವರು. ಊಟಕ್ಕೆ ಕೂತಾಗ ಮೋಡ ಗುಡುಗಿದರೆ ಅರ್ಧಕ್ಕೇ ಎದ್ದು ಹೊರಡುವರು. ಅಜ್ಜಿ ತಟ್ಟೆ ಮುಚ್ಚಿಟ್ಟು, "ಹೋಗ್ಲಿ ಬಿಡಿ, ನನ್ನ ಸವತಿ ಕರೀತಿದಾಳೆ" ಎನ್ನುವರು. ಹಾಗಾಗಿ, ಒಡ್ಡು ಒಡೆದು ಪಕ್ಕದ ತಗ್ಗು ಹುಲ್ಲುಗಾವಲನ್ನು ಮತ್ತೆ ಹೊಳೆಗೆ ಬಿಟ್ಟುಕೊಡಬೇಕೆಂದು ನೀರಾವರಿ ಕಚೇರಿಯವರು ತೀರ್ಮಾನಿಸಿದಾಗ, ಅಜ್ಜ ಅಡ್ಡ ಮಲಗಿಬಿಡುತ್ತಾರೆಂದೇ ನಾವು ಹೆದರಿದ್ದೆವು. ಅವರು ಇಂಜಿನಿಯರನ್ನು ತಾವೇ ಕರೆದುಕೊಂಡು ಹೋಗಿ, "ಇಲ್ಲಿ ಒಡೀರಿ ಸಾರ್, ಹಳೇ ಹರಿವು ಇದ್ದದ್ದು ಇಲ್ಲೇ" ಎಂದು ಜಾಗ ತೋರಿಸಿದರು. ಇಂಜಿನಿಯರಿಗೂ ಆಶ್ಚರ್ಯವಾಯಿತು. ಯಾಕೆಂದು ಕೇಳಿದ್ದಕ್ಕೆ ಅಜ್ಜ ತಲೆ ತಗ್ಗಿಸಿ ಹೇಳಿದರು: "ನಾನಿಲ್ಲಿ ತಡೆದ ನೀರೆಲ್ಲ ಹೊಳೆ ಕೆಳಗಡೆ ಇರೋ ನನ್ನ ಹೆಂಡ್ತಿ ತವರಿಗೆ ನುಗ್ತಿತ್ತು. ಮೂವತ್ತು ವರ್ಷ ಆಯ್ತು, ಅವಳು ಒಂದು ದಿನಾನೂ ನನ್ನ ಬೈಲಿಲ್ಲ." ಆ ಮಳೆಗಾಲ ಹೊಳೆ ಹುಲ್ಲುಗಾವಲಿನ ತುಂಬ ಮೈಚಾಚಿ ಮಲಗಿತು. ಮೂರನೆಯ ದಿನ ಅಜ್ಜಿಯ ತವರಿನಿಂದ ಭಾಮೈದ ಫೋನ್ ಮಾಡಿ, "ಭಾವ, ಈ ಸಲ ನೀರು ಅಂಗಳದಲ್ಲೇ ನಿಂತು ಇಳಿದುಹೋಯ್ತು" ಎಂದ. ಅಜ್ಜ ಫೋನ್ ಹಿಡಿದೇ ಅಡುಗೆಮನೆಗೆ ಹೋದರು. ಹಿಟ್ಟು ಕಲಸುತ್ತಿದ್ದ ಅಜ್ಜಿಯ ಕಿವಿಗೆ ಫೋನ್ ಆನಿಸಿ, ಅಕ್ಕ ತಮ್ಮನ ಮಾತು ಮುಗಿಯುವವರೆಗೂ ಹಾಗೇ ಹಿಡಿದುಕೊಂಡು ನಿಂತರು.