ಮೇಲಿನ ಯಂತ್ರದ ಕಪ್ಪು ವಯರು

ಗುಡುಗಿನ ಕಾಲ ಬಂತೆಂದರೆ ನಮ್ಮ ಲ್ಯಾಬಿನಲ್ಲಿ ಒಂದು ಕಟ್ಟಳೆ: ಎಲ್ಲ ಯಂತ್ರಗಳ ಕಪ್ಪು ವಯರುಗಳನ್ನೂ ಗೋಡೆಯ ತಾಮ್ರದ ಪಟ್ಟಿಗೆ ಬಿಗಿಯಬೇಕು. ಪಟ್ಟಿ ನೆಲಕ್ಕೆ ಇಳಿಯುತ್ತಿತ್ತು. ಹಿಂದೊಮ್ಮೆ ಸಿಡಿಲಿಗೆ ಉಪಕರಣಗಳು ಸುಟ್ಟ ಮೇಲೆ ನಮ್ಮ ಮುಖ್ಯಸ್ಥರು ಮಾಡಿದ ನಿಯಮ ಅದು, ಅವರಿಗೆ ವೇದವಾಕ್ಯ. ಎಂಬತ್ತರ ದಶಕದ ಆರಂಭ. ಮಣಿಪಾಲದ ಆ ಸಣ್ಣ ಖಾಸಗಿ ಲ್ಯಾಬು ಈಗಿಲ್ಲ. ಹೋದದ್ದು ಒಳ್ಳೆಯದೇ ಆಯಿತು.

ನಾನು ಕಾಪುವಿನವಳು. ಪರ್ಕಳದಲ್ಲಿ ಬಾಡಿಗೆ ಕೋಣೆ ಹಿಡಿದು, ಆ ಲ್ಯಾಬಿನಲ್ಲಿ ತಾತ್ಕಾಲಿಕ ಎಂಜಿನಿಯರ್ ಆಗಿದ್ದೆ. ಕಂಪ್ಯೂಟರಿನ ಮಾತು ಕೇಳುವ ಎರಡು ಡಿ.ಸಿ. ಪವರ್ ಸಪ್ಲೈಗಳು ಹೊಸತಾಗಿ ಬಂದಿದ್ದವು. ಒಂದರ ವೋಲ್ಟೇಜು ಸಾಲದು. ಎರಡನ್ನೂ ಸರಣಿಯಲ್ಲಿ ಜೋಡಿಸಿ, ಪಕ್ಕದ ಕೋಣೆಯಿಂದಲೇ ನಡೆಸಿ ತೋರಿಸಿದರೆ ಕೆಲಸ ಖಾಯಂ ಎಂದಿದ್ದರು. ಸರಣಿಯಲ್ಲಿ ಮೇಲಿನ ಯಂತ್ರ ಕೆಳಗಿನದರ ಹೆಗಲೇರಿ ಕೂತಿರುತ್ತದೆ. ಕೆಳಗಿನದರ ಕಪ್ಪು ವಯರು ನೆಲಕ್ಕೆ ಸೇರಬಹುದು, ಮೇಲಿನದ್ದು ಸೇರಕೂಡದು. ಸೇರಿದರೆ ಕೆಳಗಿನ ಯಂತ್ರದ ಕರೆಂಟೆಲ್ಲ ಆ ತೆಳ್ಳಗಿನ ಕಪ್ಪು ವಯರಿನ ಮೂಲಕ ನೆಲಕ್ಕೆ ನುಗ್ಗಿ ಎಲ್ಲ ಸುಡುತ್ತದೆ. ಅದಕ್ಕೇ ನಾನು, ಕಂಪ್ಯೂಟರಿನ ಆಜ್ಞೆಯು ವಯರಿನ ಬದಲು ಬೆಳಕಿನ ಮೂಲಕ ದಾಟುವಂಥ ಒಂದು ಪೆಟ್ಟಿಗೆಯನ್ನು ಮಾಡಿ, ಮೇಲಿನ ಯಂತ್ರದ ಕಪ್ಪು ವಯರಿಗೆ ಟೇಪು ಸುತ್ತಿ ಹಾಗೇ ಬಿಟ್ಟಿದ್ದೆ. ಮುಖ್ಯಸ್ಥರಿಗೆ ಚಿತ್ರ ಬರೆದು ವಿವರಿಸಿದ್ದೆ. ಹೂಂ ಎಂದಿದ್ದರು.

ಇದನ್ನು ನೋಡಲು ಹೊರಗಿನ ಅತಿಥಿಗಳು ಬಂದ ದಿನ ಮಧ್ಯಾಹ್ನದಿಂದಲೇ ಗುಡುಗು. ನಾನು ಪಕ್ಕದ ಕೋಣೆಯಲ್ಲಿ ಕೀಬೋರ್ಡಿನ ಮುಂದೆ ಕೂತು ವೋಲ್ಟೇಜು ಏರಿಸಿದೆ. ಗೋಡೆಯಾಚೆಯಿಂದ ಸುಟ್ಟ ವಾಸನೆ ಬಂತು. ಓಡಿ ಹೋಗಿ ನೋಡಿದರೆ ಟೇಪು ಬಿಚ್ಚಿತ್ತು, ವಯರು ಪಟ್ಟಿಯಲ್ಲಿತ್ತು. ಹುಡುಗಿ ಹೊಸಬಳು, ಜೋಡಣೆಯಲ್ಲಿ ತಪ್ಪಿದ್ದಾಳೆ ಎಂದು ಮುಖ್ಯಸ್ಥರು ಅತಿಥಿಗಳಿಗೆ ಹೇಳುತ್ತಿದ್ದರು. ಇದನ್ನು ಕಟ್ಟಿದ್ದು ನಾನಲ್ಲ ಎಂದು ನಾನು ಅಲ್ಲೇ, ಎಲ್ಲರೆದುರೇ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಿಂಗಳ ಕೊನೆಗೆ, ಇನ್ನು ಬರುವುದು ಬೇಡ ಎಂದರು.

ಕಾರ್ಕಳದ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರಾದೆ. ಟಾರ್ಚಿನ ಎರಡು ಸೆಲ್ಲು ಹಿಡಿದು ಸರಣಿ ಎಂದರೇನೆಂದು ಕಲಿಸುವಾಗಲೆಲ್ಲ ಆ ಮನುಷ್ಯನಿಗೆ ಶಾಪ ಹಾಕಿದ್ದೇನೆ. ತಾನೇ ಸುಟ್ಟು ನನ್ನ ತಲೆಗೆ ಕಟ್ಟಿದ ಸುಳ್ಳುಗಾರ.

ಕೆಲವು ವರ್ಷಗಳ ಬಳಿಕ ಅಂಬಲಪಾಡಿಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಆ ಮುಖ್ಯಸ್ಥರೇ ನನ್ನ ಪಕ್ಕ ಬಂದು ಕೂತರು. ಪ್ರೀತಿಯಿಂದಲೇ ವಿಚಾರಿಸಿದರು. ನಾನು ಎಲೆ ನೋಡುತ್ತ ಕೂತೆ. ಸಾರು ಬಡಿಸಿ ಹೋದ ಮೇಲೆ ಅವರು ದನಿ ತಗ್ಗಿಸಿದರು.

"ಆ ದಿವಸ ನೀನು ಮೇಲಿನ ಮಿಷನಿನ ವಯರು ಪಟ್ಟಿಗೆ ಹಾಕ್ಲಿಕ್ಕೆ ಮರ್ತಿದ್ದಿ ಮಾರಾಯ್ತಿ. ಕಟ್ಟಿದ್ದು ನಾನಲ್ಲ ಅಂತ ನೀನೇ ಬಾಯಿಬಿಟ್ಟು ಹೇಳಿದ್ದಿ ಅಲ್ವಾ? ಕಡೇ ಗಳಿಗೆಯಲ್ಲಿ ನಾನೇ ಹಾಕಿದೆ. ಇಲ್ಲದಿದ್ರೆ ಆ ಸಿಡಿಲಿಗೆ ಇಡೀ ಲ್ಯಾಬೇ ಹೋಗ್ತಿತ್ತು. ನಾನು ಅದನ್ನು ದೊಡ್ಡದು ಮಾಡ್ಲಿಲ್ಲ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಮುಖದಲ್ಲಿ ಉಪಕಾರ ಮಾಡಿದವರ ತೃಪ್ತಿ ಇತ್ತು. ನಾನು ಬರೆದು ಕೊಟ್ಟ ಚಿತ್ರವನ್ನು ಅವರು ನೋಡಿಯೇ ಇರಲಿಲ್ಲ. ಸುಳ್ಳುಗಾರನಾಗಿದ್ದರೆ ನನ್ನ ಸಿಟ್ಟಿಗೊಂದು ಜಾಗವಾದರೂ ಉಳಿಯುತ್ತಿತ್ತು.

ಪಾಯಸ ಬಂತು. ಇವಳಿಗೆ ಇನ್ನೊಂದು ಸೌಟು ಹಾಕಿ ಎಂದು ಅವರೇ ಬಡಿಸುವವರಿಗೆ ಹೇಳಿದರು.