ಮೆಟ್ಟಿಲ ತಿರುವಿನ ಕುರ್ಚಿ

ಕುರ್ಚಿಯ ಮೇಲೆ ಕೂತವರಿಗೆ ಕುರ್ಚಿ ಕಾಣುವುದಿಲ್ಲ. ಇದು ತತ್ವವೇನಲ್ಲ, ಶರೀರದ ರಚನೆಯೇ ಹಾಗೆ. ಆದರೂ ಇಷ್ಟು ತಿಳಿಯಲು ನನಗೆ ತಲೆ ನರೆಯಬೇಕಾಯಿತು. ಸಾಲದ್ದಕ್ಕೆ ಡೊಂಬಿವಲಿಯ ನಮ್ಮ ಕಟ್ಟಡದ ಸೆಕ್ರೆಟರಿಯೂ ಆಗಬೇಕಾಯಿತು.

ಸೆಕ್ರೆಟರಿ ಆದದ್ದು ಹೀಗೆ. ನಮ್ಮದು ನಾಲ್ಕು ಮಹಡಿ, ಲಿಫ್ಟ್ ಇಲ್ಲ. ಗಚ್ಚಿಯ ಮೇಲೆ, ಅಂದರೆ ತಾರಸಿಯಲ್ಲಿ, ವಾರ್ಷಿಕ ಸಭೆ ನಡೆದಿತ್ತು. ಹೊಸ ಸೆಕ್ರೆಟರಿ ಯಾರು ಅಂದಕೂಡಲೇ ಎಲ್ಲರಿಗೂ ಮೊಬೈಲಿನಲ್ಲಿ ಏನೋ ತುರ್ತು ಕಂಡಿತು. ನಾನು ಒಲೆಯ ಮೇಲಿಟ್ಟ ಹಾಲು ನೆನಪಾಗಿ ಮೊದಲ ಮಹಡಿಯ ಮನೆಗೆ ಇಳಿದೆ. ತಿರುಗಿ ಬರುವಷ್ಟರಲ್ಲಿ ಚಪ್ಪಾಳೆ ಬಿದ್ದಿತ್ತು. ಬೇಡ ಬೇಡ ಅಂದೆ. ಆದರೆ ವಾಚ್‌ಮನ್ ನನ್ನ ಕಂಡಕೂಡಲೇ ಎದ್ದು ನಿಲ್ಲತೊಡಗಿದ ಮೇಲೆ, ನಿಜ ಹೇಳುತ್ತೇನೆ, ಹುದ್ದೆ ರುಚಿಸತೊಡಗಿತು. ಮನೆಯಲ್ಲೂ ಸುತ್ತೋಲೆ ಬರಲಿಕತ್ತಾವ ಅಂತ ನಮ್ಮ ಯಜಮಾನರು ಗೊಣಗಿದರು.

ನನ್ನ ಮೊದಲ ಸುಧಾರಣೆ ಮೆಟ್ಟಿಲ ದಾರಿಯದು. ಇಲ್ಲಿಯವರ ಬಾಯಲ್ಲಿ ಅದು ಜಿನಾ. ಜಿನೆಯಲ್ಲಿ ಯಾರ ಸಾಮಾನೂ ಇರಕೂಡದು ಎಂದು ಪ್ರತಿ ತಿರುವಿನಲ್ಲೂ ನೋಟಿಸು ಅಂಟಿಸಿದೆ. ಚಪ್ಪಲಿ ಗೂಡು, ಮುರಿದ ಸೈಕಲ್ಲು, ತುಳಸಿ ಕುಂಡ ಎಲ್ಲ ಹೋದವು. ಎರಡನೇ ಮತ್ತು ಮೂರನೇ ಮಹಡಿಯ ನಡುವಿನ ತಿರುವಿನಲ್ಲಿ ಒಂದು ಬೆತ್ತದ ಕುರ್ಚಿ ಮಾತ್ರ ವಾರಸುದಾರರಿಲ್ಲದೆ ಉಳಿಯಿತು. ಹಳೇ ಸೀರೆಯನ್ನೂ ಬಿಡದೆ ಕೌದಿ ಹೊಲಿಯುವ ಮನೆತನದವಳು ನಾನು, ಗಟ್ಟಿ ಕುರ್ಚಿ ಎಸೆಯುತ್ತೇನೆಯೇ? ಕೆಳಗಿನ ಸೊಸೈಟಿ ಆಫೀಸಿನಲ್ಲಿ ಹಾಕಿಸಿ ನಾನೇ ಕೂತೆ. ಬೆನ್ನಿಗೆ ಹಿತವಾಗಿತ್ತು.

ಅದೇ ದಿನಗಳಲ್ಲಿ ಕನ್ನಡ ಸಂಘದ ಮಹಿಳೆಯರು ಭಾಷಣಕ್ಕೆ ಕರೆದರು. ಠಾಣೆ ಶಹರದ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುವ ನನಗೆ ಪುಸ್ತಕ ಒರೆಸುತ್ತ ಓದುವ ಚಟ. ಈ ಸಲದ ವಿಷಯ ಸೂಚಿಸಿದವರು ನಾಲ್ಕನೇ ಮಹಡಿಯ ಫಿಲೋಮಿನಾ ಬಾಯಿ. ಮಂಗಳೂರು ಕಡೆಯವರು, ನರ್ಸ್ ಆಗಿ ನಿವೃತ್ತರಾದವರು, ವಿಧವೆ. ತಂಗಿಯ ಮಗಳ ಜೊತೆ ಇದ್ದಾರೆ. "ನಮ್ಮವರ ಬಗ್ಗೆಯೂ ಸ್ವಲ್ಪ ಮಾತಾಡಿ ಮಾರಾಯ್ತಿ. ಕ್ರಿಸ್ಮಸ್ಸಿನ ಕುಸ್ವಾರ್ ತಿನ್ನುದು ಬಿಟ್ಟು ನಿಮಗೆ ಬೇರೆಂತ ಗೊತ್ತುಂಟು?" ಅಂದಿದ್ದರು. ಕೆಣಕಿದರೆ ಬಿಡುತ್ತೇನೆಯೇ? ಮೊದಲ ಕಾಲದ ಕ್ರೈಸ್ತರು ಅಧಿಕಾರವನ್ನು ಹೇಗೆ ಕಂಡರು ಎಂಬುದನ್ನೇ ಆರಿಸಿಕೊಂಡೆ.

ಭಾನುವಾರ ಮಧ್ಯಾಹ್ನ ಭಾಷಣ ಜೋರಾಗಿಯೇ ಆಯಿತು. ಜೆರೂಸಲೇಮಿನ ಆ ಪುಟ್ಟ ಬಳಗದಲ್ಲಿ ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಮರೆಯುತ್ತಾರೆಂಬ ದೂರು ಬಂತು, ಅದಕ್ಕಾಗಿಯೇ ಏಳು ಜನರನ್ನು ಆರಿಸಿದರು ಅಂದೆ. ಅಂದರೆ ಆಡಳಿತ ಹುಟ್ಟಿದ್ದು ಸಿಂಹಾಸನದಿಂದಲ್ಲ, ವಿಧವೆಯ ಖಾಲಿ ತಟ್ಟೆಯಿಂದ! ಮಂಗಳೂರಿನವರ ಪಂಕ್ತಿಗೆ ಬರುವಷ್ಟರಲ್ಲಿ ಸಾರು ತೆಳ್ಳಗಾಗುತ್ತದೆಂಬ ನಮ್ಮ ಸಂಘದ ದೂರನ್ನೂ ಸೇರಿಸಿದ್ದಕ್ಕೆ ನಗು ಬಂತು. ಬಿಷಪ್ ಆಗೆಂದರೆ ಊರು ಬಿಟ್ಟು ಅಡಗಿ ಕೂತ ಹಿರಿಯರಿದ್ದರು ಅಂದೆ. ನನ್ನ ಹಾಲಿನ ಪಾತ್ರೆಯ ಪ್ರಸಂಗವನ್ನೂ ಅವರ ಸಾಲಿಗೆ ಸೇರಿಸಿಕೊಂಡೆ. ಕೊನೆಗೆ ಸಿರಿಯಾ ಕಡೆಯ ಒಂದು ಹಳೆಯ ನಿಯಮ: ಸಭೆಗೆ ಬಡ ಮುದುಕರು ಬಂದು ಜಾಗ ಸಿಗದೆ ನಿಂತರೆ, ಬಿಷಪ್ಪನೇ ತನ್ನ ಪೀಠ ಬಿಟ್ಟುಕೊಟ್ಟು ನೆಲದ ಮೇಲೆ ಕೂರಬೇಕು. ಇಲ್ಲಿ ನನ್ನ ದನಿ ಸ್ವಲ್ಪ ಗದ್ಗದವೂ ಆಯಿತು.

ಫಿಲೋಮಿನಾ ಬಾಯಿ ಮಾತ್ರ ಬಂದಿರಲಿಲ್ಲ. ತಾವೇ ಹೇಳಿ ತಾವೇ ಬರಲಿಲ್ಲವಲ್ಲ ಎಂದು ಮುನಿಸಿಕೊಂಡೆ. ಆದರೂ ಅವರ ಪಾಲಿನ ಬೂಂದಿ, ಮಿರ್ಚಿಭಜಿ ಪೊಟ್ಟಣ ಕಟ್ಟಿಸಿಕೊಂಡು ಬಂದು, ನನ್ನ ಮನೆ ದಾಟಿ ಮೇಲೆ ಹತ್ತಿದೆ.

ಎರಡನೇ ಮಹಡಿ ದಾಟಿ ತಿರುವಿಗೆ ಬಂದರೆ, ಮೆಟ್ಟಿಲ ಮೇಲೆ ಫಿಲೋಮಿನಾ ಬಾಯಿ ಕೂತಿದ್ದಾರೆ. ಒಳ್ಳೆಯ ಸೀರೆ, ತೊಡೆಯ ಮೇಲೆ ಪರ್ಸು, ಪಕ್ಕದಲ್ಲಿ ಕೋಲು. ಇಲ್ಲ್ಯಾಕ ಕೂತೀರಿ ಅಂತ ಕೇಳಿದೆ.

"ಗಾಳಿಗೆ," ಅಂದರು.

ಅಲ್ಲಿ ಕಿಟಕಿಯೇ ಇಲ್ಲ.

ಆಮೇಲೆ ಒಂದೊಂದಾಗಿ ತಿಳಿಯಿತು. ಇಳಿಯುವಾಗಲೂ ಹತ್ತುವಾಗಲೂ ಅವರು ಉಸಿರು ಹಿಡಿಯಲು ಕೂರುತ್ತಿದ್ದದ್ದು ಆ ಬೆತ್ತದ ಕುರ್ಚಿಯ ಮೇಲೆ. ಅದು ಹೋದಾಗಿನಿಂದ ಭಾನುವಾರದ ಪೂಜೆಗೆ ಚರ್ಚಿಗೂ ಹೋಗಿಲ್ಲ. ಇವತ್ತು ತಂಗಿಯ ಮಗಳು ಹೊರಗೆ ಹೋಗಿದ್ದಳು. ಭಾಷಣಕ್ಕಾದರೂ ಎಂದು ಒಬ್ಬರೇ ಧೈರ್ಯ ಮಾಡಿ ಹೊರಟು, ಇಲ್ಲಿ ಏದುಸಿರು ಬಂದು ಮೆಟ್ಟಿಲ ಮೇಲೆ ಕೂತರು. ತಗ್ಗಿನಲ್ಲಿ ಕೂತ ಮೇಲೆ ಮಂಡಿ ಮತ್ತೆ ಏಳಗೊಡಲಿಲ್ಲ. ನಾನು ಪೀಠತ್ಯಾಗದ ಬಗ್ಗೆ ಗದ್ಗದಿತಳಾಗುವಾಗ ಅವರು ಇಲ್ಲೇ ಇದ್ದರು.

"ಯಾಕ್ ಹೇಳಲಿಲ್ರಿ ಬಾಯಿ?"

"ಹೇಳ್ಲಿಕ್ಕೇ ಒಮ್ಮೆ ತಂಗಿ ಮಗಳ ಕೈ ಹಿಡ್ಕೊಂಡು ಆಫೀಸಿನ ತನಕ ಇಳಿದಿದ್ದೆ. ನೀವು ಅದರ ಮೇಲೆಯೇ ಕೂತಿದ್ರಿ. ಕೂತವರನ್ನು ಏಳಿಸುದುಂಟಾ?"

ನನ್ನ ಕೈಯಲ್ಲಿದ್ದ ಪೊಟ್ಟಣ ಬಿಸಿಯಾಗಿಯೇ ಇತ್ತು. ಅದಕ್ಕಿಂತ ಹೆಚ್ಚು ಬಿಸಿಯಾಗಿದ್ದವು ನನ್ನ ಕಿವಿ. ಅವರ ಪಕ್ಕ ಕೂತೆ. ಬಾಯಿ ಭಜಿ ಮುರಿದು ಅರ್ಧ ನನಗೆ ಕೊಟ್ಟು, ಈಗ ಇಲ್ಲೇ ಭಾಷಣ ಆಗಲಿ ಅಂದರು. ಬೇಡವೆಂದರೆ ಕೇಳಲಿಲ್ಲ. ವಿಧವೆಯರ ತಟ್ಟೆಯವರೆಗೆ ಹೇಗೋ ಬಂದೆ. ಪೀಠದ ನಿಯಮವನ್ನು ಕೈಯಲ್ಲಿದ್ದ ಅರ್ಧ ಭಜಿ ನೋಡುತ್ತ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಈ ಸಲ ಭಾಷಣಕಾರ್ತಿಯ ಗದ್ಗದ ಇರಲಿಲ್ಲ.

ಬಾಯಿ ಬೆರಳಿನ ಎಣ್ಣೆಯನ್ನು ಪೊಟ್ಟಣದ ಕಾಗದಕ್ಕೆ ಒರೆಸಿದರು. "ಚಂದ ಉಂಟು. ಆದ್ರೆ ನಿಯಮ ಮಾಡ್ಬೇಕಾಯ್ತು ಅಂದ್ರೆ, ಆಗಿನ ಬಿಷಪ್ಪರೂ ಸುಮ್ಮನೆ ಏಳ್ತಾ ಇರ್ಲಿಲ್ಲ ಅಂತ ಅಲ್ವಾ?"

ಇಷ್ಟು ವರ್ಷ ಪುಸ್ತಕ ಒರೆಸಿದ ನನಗೆ ಇದು ಹೊಳೆದಿರಲಿಲ್ಲ. ನನ್ನನ್ನು ಸಮಾಧಾನ ಮಾಡಲೆಂದೇ ಅವರು ಹಾಗಂದದ್ದು ಎಂದು ತಿಳಿದು ಇನ್ನಷ್ಟು ಕುಗ್ಗಿದೆ. ಆದರೂ ನನ್ನ ನಾಲಿಗೆ ನೋಡಿ: "ಮುಂದಿನ ಮೀಟಿಂಗಿನಾಗ ಈ ವಿಷಯ ಇಡ್ತೇನ್ರಿ" ಅಂದುಬಿಟ್ಟಿತು. ಬಾಯಿ ಪರ್ಸಿನ ಜಿಪ್ಪು ಒಮ್ಮೆ ತೆರೆದು ಒಮ್ಮೆ ಮುಚ್ಚಿದರು.

ಎದ್ದು ಕೆಳಗೆ ಹೋದೆ. ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಹತ್ತುತ್ತಿದ್ದರೆ, ಸಪ್ಪಳಕ್ಕೆ ನಮ್ಮ ಯಜಮಾನರು ಬಾಗಿಲು ತೆಗೆದರು. "ಏನ್ ಸೆಕ್ರೆಟರಿ, ಕುರ್ಚಿ ತಲಿಗೇರಿತೇನು?" ಅಂದರು. ಇಳಿಸಲಿಕ್ಕೇ ಹೊಂಟೇನಿ, ಒಂದು ಕೈ ಹಚ್ಚರಿ ಅಂದೆ. ಇಬ್ಬರೂ ಸೇರಿ ಬಾಯಿಯನ್ನು ಎಬ್ಬಿಸಿ ಅದರ ಮೇಲೆ ಕೂರಿಸಿದೆವು.

ನನ್ನ ನೋಟಿಸು ಇನ್ನೂ ಗೋಡೆಯ ಮೇಲಿದೆ, ಅದರ ಕೆಳಗೇ ಕುರ್ಚಿಯೂ ಇದೆ. ಹೋಗಿಬರುವವರು ಎರಡನ್ನೂ ನೋಡಿ ನಗುತ್ತಾರೆ. ನಗಲಿ. ಭಾನುವಾರ ಬೆಳಿಗ್ಗೆ ಕೋಲಿನ ಸದ್ದು ಮೇಲಿನಿಂದ ಬಂದು ತಿರುವಿನಲ್ಲಿ ನಿಲ್ಲುತ್ತದೆ. ಅದು ಮತ್ತೆ ಹೊರಟು ನಮ್ಮ ಬಾಗಿಲು ದಾಟುವವರೆಗೆ ನಾನು ಒಗ್ಗರಣೆ ಹಾಕುವುದಿಲ್ಲ, ಅದರ ಚಟಪಟದಲ್ಲಿ ಕೋಲು ಕೇಳಿಸುವುದಿಲ್ಲ.

ಆಫೀಸಿನಲ್ಲಿ ಈಗ ಸ್ಟೂಲಿನ ಮೇಲೆ ಕೂರುತ್ತೇನೆ. ಬೆನ್ನಿಗೆ ಆಸರೆಯಿಲ್ಲ, ಹಾಗಾಗಿ ಬಹಳ ಹೊತ್ತು ಅಧಿಕಾರ ನಡೆಸಲು ಆಗುವುದಿಲ್ಲ.