ಗುಂಡು ಟೀಚರ ತೋಳಿನ ಅಳತೆ

ಕಡ್ಡಿಯ ಹಾಗಿದ್ದ ಅವರನ್ನು ಮಕ್ಕಳು ಗುಂಡು ಟೀಚರ್ ಎನ್ನುತ್ತಿದ್ದುದಕ್ಕೆ ಕಾರಣ ಮೈಯಲ್ಲ, ಕೈ. ಕೈವಾರ ಮುಟ್ಟದೆ ತೋಳು ಬೀಸಿ ಬೋರ್ಡಿನ ಮೇಲೆ ವೃತ್ತ ಬರೆದರೆ, ಗೆರೆ ಹೊರಟಲ್ಲಿಗೇ ಬಂದು ಕೂಡಿಕೊಳ್ಳುತ್ತಿತ್ತು. ಆಮೇಲೆ ಕೇಂದ್ರದಿಂದ ಅಂಚಿಗೆ ಒಂದು ದಾರ ಅಳೆದು ಕತ್ತರಿಸಿ, ಅದನ್ನೇ ಅಂಚಿನ ಮೇಲೆ ಬಾಗಿಸಿ ಇಡುತ್ತಿದ್ದರು.

"ಈ ದಾರದಷ್ಟು ಅಂಚಿಗೆ ಕೇಂದ್ರದಲ್ಲಿ ಆಗೋ ಕೋನಾನೇ ಒಂದು ರೇಡಿಯನ್. ಅರ್ಧ ಸುತ್ತು ಹೋಗೋಕೆ ಇಂಥ ದಾರ ಎಷ್ಟು ಬೇಕು? ಮೂರು, ಮೇಲೊಂದು ಚೂರು. ಅದೇ ಪೈ ಕಣ್ರೋ. ವೃತ್ತ ದೊಡ್ಡದಾಗ್ಲಿ ಚಿಕ್ಕದಾಗ್ಲಿ, ಆ ಚೂರು ಬಿಟ್ಟು ಹೋಗಲ್ಲ."

ಇಪ್ಪತ್ತಾರು ವರ್ಷ ಹೀಗೆ ಹೇಳಿಕೊಟ್ಟವರಿಗೆ ಒಂದು ಮಧ್ಯಾಹ್ನ, ಪರೀಕ್ಷೆಯ ಕೊಠಡಿಯಲ್ಲೇ, ಲಕ್ವ ಹೊಡೆಯಿತು. ಮಾತು ಮೂರು ವಾರಕ್ಕೆ ಮರಳಿತು. ಬಲಗೈ ಮರಳಲಿಲ್ಲ.

ವ್ಯಾಯಾಮ ಮಾಡಿಸಲು ಮನೆಗೆ ಬಂದ ಫಿಸಿಯೋ ಭುಜಕ್ಕೆ ಕೋನಮಾಪಕ ಹಿಡಿದಳು. "ಮೂವತ್ತು ಡಿಗ್ರಿ ಏಳ್ತಿದೆಯಮ್ಮ."

"ರೇಡಿಯನ್ ಲೆಕ್ಕದಲ್ಲಿ ಪೈನ ಆರನೇ ಒಂದು ಪಾಲು," ಎಂದರು ಟೀಚರ್. "ತೋಳು ಅರವತ್ತು ಸೆಂಟಿಮೀಟರ್. ಎರಡನ್ನೂ ಗುಣಿಸಿದ್ರೆ ಬೆರಳ ತುದಿ ಎಷ್ಟು ದೂರ ಹೋಯ್ತು ಅಂತ ಸಿಗತ್ತೆ. ಮೂವತ್ತೊಂದೂವರೆ ಹತ್ರ."

ಅವಳಿಗೆ ನಂಬಿಕೆ ಬರಲಿಲ್ಲ. ಟೀಚರನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಬೆರಳು ಸಾಗಿದ ದಾರಿಗೆ ಪೆನ್ಸಿಲ್ ಎಳೆದು, ಟೇಪು ಬಾಗಿಸಿ ಅಳೆದಳು. "ಅಯ್ಯೋ, ಸರಿಯಾಗಿದೆ!" ಇಬ್ಬರೂ ನಕ್ಕರು. ಲಕ್ವ ಹೊಡೆದ ಮೇಲೆ ಟೀಚರ್ ನಕ್ಕಿದ್ದು ಅದೊಂದೇ ಸಲ.

ನಾಲ್ಕು ತಿಂಗಳು ಕಳೆದರೂ ಗೋಡೆಯ ಗೀಟು ಉದ್ದವಾಗಲಿಲ್ಲ. ಆದರೂ ಹಟ ಹಿಡಿದು ಶಾಲೆಗೆ ಹೋದರು. ಎಡಗೈಯಲ್ಲಿ ವೃತ್ತ ಬರೆದರು. ಸೊಟ್ಟ ಮೊಟ್ಟೆಯಾಯಿತು, ತುದಿ ಕೂಡಲಿಲ್ಲ. ಮೊದಲಾಗಿದ್ದರೆ ತರಗತಿ ಹೋ ಎನ್ನುತ್ತಿತ್ತು. ಈಗ ಎಲ್ಲರೂ ಪುಸ್ತಕದ ಕಡೆ ಬಗ್ಗಿದರು. ದಾರ ಹಿಡಿಯಲು ಎರಡು ಕೈ ಬೇಕು. ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ನೋಡಿದರು, ಜಾರಿತು.

ಮುಂದಿನ ಬೆಂಚಿನ ಹುಡುಗಿ ಎದ್ದು ಬಂದಳು. "ಟೀಚರ್, ನಾನು ಹಿಡ್ಕೊಳ್ಲಾ?"

"ಎಲ್ಲಾ ನೀನೇ ಮಾಡಮ್ಮ," ಎಂದು ಚಾಕ್‌ಪೀಸು ಕೊಟ್ಟು ಕುರ್ಚಿಯಲ್ಲಿ ಕುಸಿದರು. ಗಂಟೆ ಹೊಡೆದರೂ ಏಳಲಿಲ್ಲ.

ಆ ವಾರವೇ ರಾಜೀನಾಮೆ ಕೊಟ್ಟರು. ಗ್ರಂಥಾಲಯ ನೋಡಿಕೊಳ್ಳಿ ಎಂದ ಹೆಡ್‌ಮಾಸ್ಟರ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ವ್ಯಾಯಾಮದ ಮೇಲಿನ ಆಸೆಯೂ ಕಮರಿತು. ಬಸ್ಸು ಡಿಪೋದ ಮೆಕ್ಯಾನಿಕ್ ಆಗಿದ್ದ ಗಂಡ ಒಂದು ಸಂಜೆ ಕೇಳಿದರು: "ಇವತ್ತು ಕೈ ಎಷ್ಟು ಎದ್ತು?"

"ಇಪ್ಪತ್ತು."

"ಮೂವತ್ತಿತ್ತಲ್ಲೇ?"

"ಇತ್ತು."

ಗಂಡ ನೆಟ್ಟು ಬಿಗಿದು ಬಿಗಿದು ಒರಟಾದ ತಮ್ಮ ಕೈಗಳನ್ನು ಮಡಿಲಲ್ಲಿ ಅಡಗಿಸಿ ಕುಳಿತರು.

ವಾರ್ಷಿಕ ಪರೀಕ್ಷೆ ಹತ್ತಿರವಾದಾಗ ಮೂವರು ಮಕ್ಕಳು ಪುಸ್ತಕ ಹಿಡಿದು ಬಾಗಿಲಿಗೆ ಬಂದರು. ಟೀಚರ್ ಒಳಕೋಣೆಯಿಂದಲೇ ಪಿಸುಗುಟ್ಟಿದರು, "ನನಗೆ ಲೆಕ್ಕ ಮರ್ತುಹೋಗಿದೆ ಅಂತ ಹೇಳ್ಬಿಡಿ."

ಗಂಡ ಹಾಗೆಯೇ ಹೇಳಿದರು. ಮಕ್ಕಳು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಟೀಚರಿಗೆ ಒಂದಕ್ಷರವೂ ಮರೆತಿರಲಿಲ್ಲ. ಮರು ವರ್ಷ ಯಾರೂ ಬರಲಿಲ್ಲ.